ಬೆನ್ನಿಲ್ಲದ ಅಂಗಿ

ನನ್ನ ತಮ್ಮ ತನ್ನ ನಿಶ್ಚಿತಾರ್ಥದ ದಿನವೇ ಬಿದ್ದ. ಕಾರ್ಕಳದಲ್ಲಿ ಹುಡುಗಿಯ ಮನೆಯಂಗಳ, ತಲೆಯ ಮೇಲೆ ತಗಡಿನ ಶೀಟು, ಈಸ್ಟರ್ ಕಳೆದ ಮೇಲಿನ ನಡುಮಧ್ಯಾಹ್ನ, ಮೈಮೇಲೆ ಉಣ್ಣೆಯ ಸೂಟು. ಉಂಗುರ ಹಾಕಿ ಆಗಿತ್ತು, ಕೇಕ್ ಕತ್ತರಿಸುವುದಷ್ಟೇ ಬಾಕಿ. ಚಾಕು ಹಿಡಿದವನು ಹಾಗೆಯೇ ಹಿಂದಕ್ಕೆ ವಾಲಿದ. ನೆಲಕ್ಕೆ ಬಿದ್ದಿದ್ದರೆ ಒಳ್ಳೆಯದಿತ್ತು. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಹುಡುಗಿಯ ಅತ್ತೆಯ ಮಡಿಲಿಗೆ ಬಿದ್ದ. ಅವರ ಕೈಯಲ್ಲಿದ್ದ ಪುನರ್ಪುಳಿ ಜ್ಯೂಸು ಅವನ ಮುಖದ ಮೇಲೆ ಚೆಲ್ಲಿತು. ಅದರ ತಂಪಿಗೆ ಇರಬೇಕು, ಎಚ್ಚರವೂ ಬೇಗ ಆಯಿತು. ಎದ್ದವನೇ "ನನಗೆ ಎಂತ ಆಗಲಿಲ್ಲ" ಎಂದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ನಾನು ಕಂಡಿದ್ದೇನೆ, ಮೀಸೆಯಿಂದ ಜ್ಯೂಸು ತೊಟ್ಟಿಕ್ಕುವಾಗ ಹಾಗೆ ಹೇಳಿದವನು ಇವನೊಬ್ಬನೇ.

ಆ ಅತ್ತೆ ಎಂದರೆ ಹುಡುಗಿಯ ತಂದೆಯ ಅಕ್ಕ. ಆ ಮನೆಯಲ್ಲಿ ಅವರ ಮಾತೇ ಮಾತು. ಸೀರೆಯ ಕಲೆ ಒರೆಸಿಕೊಳ್ಳುತ್ತ ನಮ್ಮ ಅಮ್ಮನ ಹತ್ತಿರ ಬಂದು, ಇಡೀ ಚಪ್ಪರಕ್ಕೆ ಕೇಳುವಂಥ ಗುಟ್ಟಿನ ದನಿಯಲ್ಲಿ ಕೇಳಿದರು: "ಹುಡುಗನಿಗೆ ಮೊದಲಿನಿಂದಲೂ ಹೀಗೆ ಉಂಟಾ? ಒಂದು ಸ್ಕ್ಯಾನ್ ಮಾಡಿಸುವುದು ಒಳ್ಳೆಯದು, ಅಲ್ವಾ? ತಪ್ಪು ತಿಳಿಯಬೇಡಿ. ಮದುವೆಯ ದಿನವೂ ಹೀಗೇ ಆದರೆ ನಾವು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ."

ಅಮ್ಮನ ಮುಖ ಸಪ್ಪಗಾಯಿತು. ತಮ್ಮನ ಮುಖ ಅದಕ್ಕಿಂತ ಸಪ್ಪಗಾಯಿತು, ಏಕೆಂದರೆ ಅವನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಎಷ್ಟೋ ಸಂಬಂಧಗಳಲ್ಲಿ ಮೂಗು ಮುರಿದವನು ಇವಳ ಹತ್ತಿರ ಫೋನಿನಲ್ಲಿ ಮಾತಾಡುವಾಗ ತಾನೇ ನಗುತ್ತಿದ್ದ. ಅಂಥವನು ಕಾರಿನಲ್ಲಿ ಕಾಪುವಿನ ಮನೆಗೆ ವಾಪಸು ಬರುವಾಗ ನನ್ನ ಕೈ ಹಿಡಿದು, "ಅಕ್ಕ, ಮದುವೆಯ ದಿನ ನಾನು ಇಗರ್ಜಿಯಲ್ಲಿ ಬಿದ್ದರೆ ಮುಗಿಯಿತು" ಎಂದ. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ನನಗೆ ಸೆಕೆಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ಸೆಕೆ ಎಂದರೆ ಎಂತ ಎಂದು ಘಟ್ಟದ ಮೇಲಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅವರಿಗೆ ಬಿಸಿಲು ಗೊತ್ತು. ಬಿಸಿಲಾದರೆ ನೆರಳಿಗೆ ಹೋದರೆ ಆಯಿತು. ಸೆಕೆ ಹಾಗಲ್ಲ, ನೆರಳಿನಲ್ಲಿಯೇ ಅದರ ಮನೆ. ನಾನು ಸಂತೆಕಟ್ಟೆಯ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ: ಬೆವರು ಹರಿದರೆ ಮೈ ತಂಪಾಗುವುದಿಲ್ಲ, ಆರಿದರೆ ತಂಪಾಗುತ್ತದೆ. ನಮ್ಮ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ, ನಿಮ್ಮ ಬೆವರನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಆದ್ದರಿಂದಲೇ ನಮ್ಮ ಕಡೆ ಗಂಡಸರು ಮನೆಗೆ ಬಂದ ಕೂಡಲೇ ಅಂಗಿ ಕಳಚಿ ಹೆಗಲಿಗೆ ಬೈರಾಸು ಹಾಕುತ್ತಾರೆ. ಆ ತೆಳ್ಳಗಿನ ಹತ್ತಿ ಟವೆಲು ನಮ್ಮ ರಾಷ್ಟ್ರೀಯ ಉಡುಪು. ಹೆಂಗಸರಿಗೆ ನೈಟಿ ಉಂಟು. ಕೊರಿಯರಿನವನು ಬಂದರೆ ಅದರ ಮೇಲೊಂದು ಬೈರಾಸು. ಇಷ್ಟೆಲ್ಲ ತಿಳಿವಳಿಕೆಯಿರುವ ಜನ ಮದುವೆಯ ದಿನ ಮಾತ್ರ ಲಂಡನ್ನಿನ ಚಳಿಗಾಲಕ್ಕೆ ತಯಾರಾಗಿ ಬರುತ್ತೇವೆ.

ತಮ್ಮನ ಸಂಗತಿ ಇನ್ನೂ ವಿಚಿತ್ರ. ಅವನು ಗಲ್ಫಿನಲ್ಲಿದ್ದಾನೆ ಎಂದರೆ ಎಲ್ಲರೂ "ಹಾಗಾದರೆ ಅವನಿಗೆ ಬಿಸಿ ಅಭ್ಯಾಸ ಉಂಟು" ಎನ್ನುತ್ತಾರೆ. ಅವನ ಕೆಲಸ ಅಲ್ಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗೆ ಮರಳುಗಾಡು ಹುರಿಯುವಾಗ ಇವನು ಒಳಗೆ ದಪ್ಪ ಜಾಕೆಟ್ಟು, ಕೈಗವಸು, ಕಿವಿಮುಚ್ಚುವ ಟೊಪ್ಪಿ ಹಾಕಿಕೊಂಡು ಕೋಳಿಯ ಪೆಟ್ಟಿಗೆ ಎಣಿಸುತ್ತಾನೆ. ಅಲ್ಲಿಂದ ಎಸಿ ಬಸ್ಸು, ಬಸ್ಸಿನಿಂದ ಎಸಿ ರೂಮು. ಹತ್ತು ಹನ್ನೆರಡು ವರ್ಷ ಹೀಗೆ ಕಳೆದ ಮೈಗೆ ಬೆವರುವ ವಿದ್ಯೆಯೇ ಮರೆತುಹೋಗಿತ್ತು. ಕ್ರಿಸ್ಮಸ್ಸಿನ ಹೊತ್ತಿಗೆ ಕೋಳಿಗೆ ಬೇಡಿಕೆ ಹೆಚ್ಚು, ರಜೆ ಸಿಗುವುದಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮಲ್ಲಿ ಮದುವೆ ಇಲ್ಲ. ಜೂನಿನಲ್ಲಿ ಮಳೆ. ಉಳಿದದ್ದು ಮೇ. ನಮ್ಮವರ ಮದುವೆಗಳೆಲ್ಲ ಮೇ ತಿಂಗಳಲ್ಲಿ ಬಂದು ಬೀಳುವುದು ಹೀಗೆ.

ಅಮ್ಮನ ಸಮಾಧಾನಕ್ಕೆ ಅವನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಒಬ್ಬ ಡಾಕ್ಟರು ಎದೆ, ರಕ್ತ, ತಲೆ ಎಲ್ಲ ನೋಡಿ, "ಎಲ್ಲ ಸರಿ ಉಂಟು. ಆ ಸೂಟು ಹಾಕಿಕೊಂಡು ಅಲ್ಲಿ ನಿಂತಿದ್ದರೆ ನಾನೂ ಬೀಳುತ್ತಿದ್ದೆ" ಎಂದರು. ಬಿಸಿಯಾದಾಗ ಮೈ ತನ್ನ ರಕ್ತವನ್ನು ಚರ್ಮಕ್ಕೆ ಕಳಿಸುತ್ತದೆ, ಅಲ್ಲಾಡದೆ ನಿಂತರೆ ಉಳಿದದ್ದು ಕಾಲಿಗೆ ಇಳಿಯುತ್ತದೆ, ತಲೆಗೆ ಏನೂ ಮಿಗುವುದಿಲ್ಲ. ಬಿದ್ದರೆ ಕಾಲು ಎತ್ತರಕ್ಕೆ ಇಡಿ, ಗಾಳಿ ಹಾಕಿ, ಅಷ್ಟೇ ಎಂದರು. ತಮ್ಮ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡ. ಅಮ್ಮ ಏನೂ ಕೇಳಿಸಿಕೊಳ್ಳಲಿಲ್ಲ. ಆ ಕೋಣೆಯ ಎಸಿಗೆ ಅವರ ಹಲ್ಲು ಕಟಕಟಿಸುತ್ತಿತ್ತು.

ಹೊರಗೆ ಬಂದವರೇ ಅಮ್ಮ ಒಂದು ತೀರ್ಮಾನಕ್ಕೆ ಬಂದರು. ಮಗನಿಗೆ ಸೆಕೆ ಒಗ್ಗುವುದಿಲ್ಲ, ಆದ್ದರಿಂದ ಅವನಿಗೆ ಸೆಕೆಯೇ ಆಗದಂತೆ ನೋಡಿಕೊಳ್ಳಬೇಕು. ಮಾರನೆಯ ದಿನವೇ ಅವನ ಕೋಣೆಗೆ ಎಸಿ ಬಂತು. ಗಲ್ಫಿನಿಂದ ಬಂದ ಮಗನಿಗೆ ಗಲ್ಫಿನಷ್ಟೇ ತಂಪು ಬಡಿಸದಿದ್ದರೆ ತಾಯಿಯ ಮರ್ಯಾದೆ ಎಲ್ಲಿ ಉಳಿಯಿತು? ನಾನು ಸಂತೆಕಟ್ಟೆಯ ಗಂಡನ ಮನೆಯಿಂದ ಬಂದು ನೋಡುವಾಗ ಅವನು ಕಂಬಳಿ ಹೊದ್ದು ಮಲಗಿದ್ದ, ಹೊರಗೆ ಕಾಗೆಗಳು ಬಾಯಿ ತೆರೆದು ಕೂತಿದ್ದವು.

"ಮಮ್ಮಿ, ಮೈಗೆ ಸೆಕೆ ಅಭ್ಯಾಸ ಆಗಬೇಕಾದರೆ ದಿನಾ ಸ್ವಲ್ಪ ಹೊತ್ತು ಬೆವರಬೇಕು. ಒಂದೆರಡು ವಾರದಲ್ಲಿ ಮೈ ತಾನಾಗಿ ಕಲಿಯುತ್ತದೆ. ನೀವು ಅವನನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೀರಿ."

"ಮೀನು ಫ್ರಿಜ್ಜಿನಲ್ಲಿಟ್ಟರೆ ಹಾಳಾಗುತ್ತದಾ?" ಎಂದರು ಅಮ್ಮ.

"ಹೊರಗೆ ತೆಗೆದ ಮೇಲೆ ಹಾಳಾಗುತ್ತದೆ."

ಅಮ್ಮ ಎಸಿಯ ರಿಮೋಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ಹೋದರು. ನಾನು ಶಾಲೆಗೆ ರಜೆಯಾದ್ದರಿಂದ ಪೆಟ್ಟಿಗೆ ಕಟ್ಟಿಕೊಂಡು ತವರಿಗೆ ಬಂದೇ ಬಿಟ್ಟೆ. ಮಧ್ಯಾಹ್ನ ಮೂರು ಗಂಟೆಗೆ ತಮ್ಮನನ್ನು ಎಬ್ಬಿಸಿ ಸಮುದ್ರದ ಕಡೆಗೆ ನಡೆಸುವುದು ನನ್ನ ಕೆಲಸ. ಅವನ ಹಿಂದೆ ಕೊಡೆ ಹಿಡಿದುಕೊಂಡು ಓಡುವುದು ಅಮ್ಮನ ಕೆಲಸ. ಮೊದಲ ದಿನ ದಾರಿಯ ಅರ್ಧದಲ್ಲೇ ಗೂಡಂಗಡಿಯೊಂದರ ಬೆಂಚಿನಲ್ಲಿ ಕೂತು ಸೋಡಾ ಕೇಳಿದವನು, ಕಡೆಕಡೆಗೆ ಲೈಟ್‌ಹೌಸಿನ ತನಕ ಹೋಗಿ ಬರುವಷ್ಟು ಬೆವರಲು ಕಲಿತ.

ಆದರೆ ಲುಂಗಿಯಲ್ಲಿ ನಡೆಯುವುದು ಬೇರೆ, ಸೂಟಿನಲ್ಲಿ ನಿಲ್ಲುವುದು ಬೇರೆ. "ಕೋಟು ಬಿಟ್ಟುಬಿಡು ಮಾರಾಯ, ಬಿಳಿ ಅಂಗಿ ಸಾಕು" ಎಂದು ಹೇಳಿ ನೋಡಿದೆ. ಕೋಟು ಇಲ್ಲದಿದ್ದರೆ ತನ್ನನ್ನು ಕೇಟರಿಂಗಿನವನು ಎಂದುಕೊಂಡು ಜನ ಐಸ್‌ಕ್ರೀಮು ಕೇಳುತ್ತಾರೆ ಎಂದ. ಅದೂ ಅಲ್ಲದೆ ಮದುವೆಯ ಸೂಟಿನ ಬಟ್ಟೆ ಗಲ್ಫಿನಿಂದಲೇ ಬಂದಿತ್ತು, ಉಡುಪಿಯ ಟೈಲರು ಹೊಲಿದೂ ಆಗಿತ್ತು, ಕಾರ್ಕಳದವರು ಅದರ ಬಣ್ಣಕ್ಕೆ ಹೊಂದುವಂತೆ ಹುಡುಗಿಯ ಗೆಳತಿಯರ ಫ್ರಾಕುಗಳನ್ನು ಹೊಲಿಸಿಯೂ ಆಗಿತ್ತು. ಇನ್ನು ಕೋಟು ಬಿಡುವುದೆಂದರೆ ಆ ಅತ್ತೆಯ ಬಾಯಿಗೆ ನಾವಾಗಿಯೇ ಸಿಕ್ಕಿಬಿದ್ದಂತೆ.

ಆಗ ನಾನು ಪ್ರಯೋಗ ಶುರುಮಾಡಿದೆ. ಕೊರೊನಾ ಕಾಲದಲ್ಲಿ ಕೊಂಡ, ಹಣೆಗೆ ಪಿಸ್ತೂಲಿನ ಹಾಗೆ ಹಿಡಿಯುವ ಥರ್ಮಾಮೀಟರು ಎಲ್ಲರ ಮನೆಯಲ್ಲಿಯೂ ಬಿದ್ದಿರುತ್ತದೆ. ಅದು ಚರ್ಮದ ಬಿಸಿಯನ್ನು ಹೇಳುತ್ತದೆ. ತಮ್ಮನನ್ನು ಬೈರಾಸಿನಲ್ಲಿ ಫ್ಯಾನಿನ ಕೆಳಗೆ ನಿಲ್ಲಿಸಿ ಬೆನ್ನಿಗೆ ಹಿಡಿದೆ. ಚರ್ಮ ತಂಪಾಗಿತ್ತು, ಒಳಗಿನ ಬಿಸಿ ಹೊರಗೆ ಹೋಗಲು ದಾರಿ ಇತ್ತು. ಆಮೇಲೆ ಬನಿಯನ್ನು, ಅಂಗಿ, ವೇಸ್ಟ್‌ಕೋಟು, ಕೋಟು ಎಲ್ಲ ತೊಡಿಸಿ ಫ್ಯಾನು ಆರಿಸಿ ನಿಲ್ಲಿಸಿದೆ. ಇಗರ್ಜಿಯಲ್ಲಿ ಮದುವೆಯ ಪೂಜೆಗೆ ಎಷ್ಟು ಹೊತ್ತು ಬೇಕೆಂಬ ಅಂದಾಜು ಸಿಗಲಿ ಎಂದು ಅಮ್ಮ ಪ್ರಾರ್ಥನೆಯ ಪುಸ್ತಕ ತೆಗೆದು ಜೋರಾಗಿ ಓದಿದರು. ಫಾದರ್ ಪ್ರವಚನ ಕೊಡುವ ಜಾಗ ಬಂದಾಗ ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ, ತಾವೇ ಪ್ರವಚನ ಕೊಟ್ಟರು. ಗಂಡ ಹೆಂಡತಿ ಹೇಗಿರಬೇಕು, ನಾದಿನಿಯರು ಹೇಗೆ ತವರಿಗೆ ಬಂದು ಠಿಕಾಣಿ ಹೂಡಬಾರದು ಎಂಬುದೆಲ್ಲ ಅದರಲ್ಲಿ ಇತ್ತು. ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತುಕೊಂಡು ಬಂದ ಹೆಂಗಸು ಬಾಗಿಲಲ್ಲಿ ನಿಂತು, ಸೂಟಿನಲ್ಲಿದ್ದವನನ್ನು ನೋಡಿ "ಅಯ್ಯೋ, ಮದುವೆ ಇವತ್ತೆಯಾ? ನನಗೆ ಯಾರೂ ಹೇಳಲೇ ಇಲ್ಲ" ಎಂದು ಬೇಸರ ಮಾಡಿಕೊಂಡಳು.

ಕೋಟು ಬಿಚ್ಚಿಸಿ ಬೆವರು ಒರೆಸಿ ಮತ್ತೆ ಥರ್ಮಾಮೀಟರು ಹಿಡಿದೆ. ಬೆನ್ನಿನ ತಂಪು ಪೂರ್ತಿ ಹೋಗಿತ್ತು. ಹೊರಗಿನ ಚರ್ಮವೂ ಒಳಗಿನ ಮೈಯಷ್ಟೇ ಕಾದಿತ್ತು. ಮೈಯ ಬಿಸಿ ಬಾಗಿಲಿಗೆ ಬಂದು, ಬಾಗಿಲು ಹಾಕಿದೆ ಎಂದು ಅಲ್ಲೇ ಕೂತಿತ್ತು. ಎಲ್ಲಕ್ಕಿಂತ ಹೆಚ್ಚು ಬೆವರಿದ್ದೂ ಬೆನ್ನೇ. ಅದನ್ನು ನೋಡುವಾಗ ನನಗೆ ಹೊಳೆಯಿತು: ಕೋಟಿನ ಒಳಗಿನ ಬೆನ್ನನ್ನು ಕಾಣುವವರು ಯಾರು?

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಮ್ಮನ ಹೊಲಿಗೆ ಮಿಷಿನಿನ ಎದುರು ಕೂತು ಅಂಗಿಯ ಇಡೀ ಬೆನ್ನನ್ನು ಕತ್ತರಿಸಿ ತೆಗೆದೆ. ಕಾಲರು, ಎದೆ, ತೋಳು ಉಳಿದವು. ವೇಸ್ಟ್‌ಕೋಟಿನ ಹಿಂಭಾಗ ತೆಗೆದು ಅಲ್ಲಿ ಲಾಡಿ ಹೊಲಿದೆ, ಅಡುಗೆಯವರ ಏಪ್ರನ್ನಿನ ಹಾಗೆ ಹಿಂದಿನಿಂದ ಕಟ್ಟಬೇಕು. ಕೋಟಿನ ಒಳಪದರವನ್ನೂ ಬಿಚ್ಚಿದೆ, ಬನಿಯನ್ನು ಬೇಡವೇ ಬೇಡ ಎಂದೆ. ತೊಡಿಸಿ ನೋಡಿದರೆ ಎದುರಿನಿಂದ ರಾಜಕುಮಾರ. ಹಿಂದಿನಿಂದ, ಕೋಟು ತೆಗೆದರೆ, ಬರೀ ಬೆನ್ನು, ಅದರ ಮೇಲೆ ನನ್ನ ಎರಡು ಲಾಡಿ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಯನ್ನು ಇಷ್ಟು ನೀಟಾಗಿ ಯಾರೂ ಹೊಲಿದಿರಲಾರರು. ಅಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ಇನ್ನೊಮ್ಮೆ ಪ್ರಾರ್ಥನೆ ಓದಿದೆವು. ಈ ಸಲ ಅವನು ಪ್ರವಚನ ದಾಟಿ ಕೊನೆಯ ಹಾಡಿನ ತನಕ ನಿಂತ, ನಡುವೆ ಹಾಡಿಗೆ ದನಿಯನ್ನೂ ಸೇರಿಸಿದ.

"ಅಕ್ಕ, ಯಾರಿಗಾದರೂ ಗೊತ್ತಾದರೆ?"

"ಕೋಟು ತೆಗೆದರೆ ಮಾತ್ರ ಗೊತ್ತಾಗುತ್ತದೆ. ಊಟದ ಹಾಲ್‌ಗೆ ಹೋಗುವ ಮೊದಲು ಕಾರಿನಲ್ಲಿ ಬೇರೆ ಅಂಗಿ ಹಾಕಿಕೊಳ್ಳುವಿಯಂತೆ. ಇಗರ್ಜಿಯಲ್ಲಿ ಮಾತ್ರ ಏನೇ ಆದರೂ ತೆಗೆಯಬೇಡ."

"ಸತ್ತರೂ ತೆಗೆಯುವುದಿಲ್ಲ" ಎಂದ.

ಮದುವೆಯ ದಿನ ಕಾರ್ಕಳದ ಕಲ್ಲೆಲ್ಲ ಬೆಳಿಗ್ಗೆಯೇ ಕಾದಿತ್ತು. ನಾನು ಅವನ ಬೆನ್ನಿಗೆ ಬೆವರುಸಾಲೆಯ ಪೌಡರು ಧಾರಾಳವಾಗಿ ಹಾಕಿ, ಲಾಡಿ ಬಿಗಿದು ಕೋಟು ತೊಡಿಸಿದೆ. "ಮೊಣಕಾಲು ಸೆಟೆದು ನಿಲ್ಲಬೇಡ, ಬೂಟಿನ ಒಳಗೆ ಬೆರಳು ಆಡಿಸುತ್ತಾ ಇರು" ಎಂದೆ. ಇಗರ್ಜಿಯ ಒಳಗೆ ಮೇಲೆ ದೊಡ್ಡ ಫ್ಯಾನುಗಳು ಇದ್ದವು, ಆದರೆ ಬಲಿಪೀಠದ ಹತ್ತಿರದ್ದನ್ನು ಆರಿಸಿದ್ದರು. ಗಾಳಿಗೆ ಮೇಣದ ಬತ್ತಿಗಳು ಆರುತ್ತವಂತೆ. ಅಷ್ಟು ಸಾಲದೆ ಮದುಮಗಳ ಮುಸುಕು ಹಾರಿ ಫೋಟೋ ಹಾಳಾಗುತ್ತದೆ ಎಂದು ವಿಡಿಯೋದವನು ಪಕ್ಕದ ಎರಡನ್ನೂ ಆರಿಸಿ, ಅವುಗಳ ಬದಲು ತನ್ನ ದೊಡ್ಡ ಲೈಟುಗಳನ್ನು ಹಚ್ಚಿದ.

ವಧೂವರರು ಬಲಿಪೀಠದ ಕಡೆ ಮುಖ ಮಾಡಿ, ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದರು. ನಮ್ಮ ಸಾಲಿನಿಂದ ನಾನು ಅವನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಕುತ್ತಿಗೆ ಕೆಂಪಾದರೆ ಅಪಾಯ. ಆಚೆಯ ಸಾಲಿನಿಂದ ಆ ಅತ್ತೆಯೂ ಅವನ ಕುತ್ತಿಗೆಯನ್ನೇ ನೋಡುತ್ತಿದ್ದರು. ಪ್ರವಚನ ನಮ್ಮ ಅಮ್ಮನದಕ್ಕಿಂತಲೂ ಉದ್ದ ಹೋಯಿತು. ಬೂಟಿನ ತುದಿ ಮೆಲ್ಲಗೆ ಅಲುಗುವುದು ಕಾಣುತ್ತಿತ್ತು, ಹುಡುಗ ಬೆರಳಾಡಿಸುತ್ತಿದ್ದ. ಕುತ್ತಿಗೆ ಬೆಳ್ಳಗೇ ಇತ್ತು. ನನಗೆ ನನ್ನ ವಿಜ್ಞಾನದ ಮೇಲೆ ಹೆಮ್ಮೆ ಉಕ್ಕಿತು.

"ಈಗ ಮದುವೆಯ ಪ್ರತಿಜ್ಞೆಗಾಗಿ ಎದ್ದು ನಿಲ್ಲಿ" ಎಂದರು ಫಾದರ್. ಇಬ್ಬರೂ ಎದ್ದರು. ಒಬ್ಬರು ಕುಸಿದರು.

ಕುಸಿದದ್ದು ಹುಡುಗಿ.

ನಾವೆಲ್ಲ ಇವನ ಬೆನ್ನಿನ ಚಿಂತೆಯಲ್ಲಿ ಇದ್ದವರು, ಅವಳ ಕಡೆ ನೋಡಿರಲೇ ಇಲ್ಲ. ಸ್ಯಾಟಿನ್ನಿನ ಗೌನು, ಅದರ ಒಳಗೆ ಉಬ್ಬಿ ನಿಲ್ಲಲೆಂದು ಪದರ ಪದರ ನೆಟ್ ಬಟ್ಟೆ, ಮಣಿಕಟ್ಟಿನ ತನಕ ಲೇಸಿನ ತೋಳು, ಕೈಗವಸು, ಮುಸುಕು. ಹುಕ್ಕು ಕೂರುವುದಿಲ್ಲ ಎಂದು ಬೆಳಿಗ್ಗೆಯಿಂದ ಅವಳಿಗೆ ಒಂದು ಇಡ್ಲಿಯನ್ನೂ ಕೊಟ್ಟಿರಲಿಲ್ಲವಂತೆ. ಕೋಲ್ಡ್ ಸ್ಟೋರೇಜಿಗೆ ಹೋಗುವಾಗಲೂ ನನ್ನ ತಮ್ಮ ಅಷ್ಟು ಬಟ್ಟೆ ಹಾಕುವುದಿಲ್ಲ.

ಅವಳ ತಲೆ ನೆಲಕ್ಕೆ ತಾಗಲಿಲ್ಲ. ಅವನು ಹಿಡಿದ. ವರ್ಷಗಟ್ಟಲೆ ಕೋಳಿಯ ಪೆಟ್ಟಿಗೆಗಳನ್ನು ಹಿಡಿದು ಅಭ್ಯಾಸವಾದ ಕೈ, ಮೆಲ್ಲಗೆ ಮಲಗಿಸಿತು. ಮರುಕ್ಷಣವೇ ಕೋಟು ಕಳಚಿ, ಸುತ್ತಿ ಅವಳ ಕಾಲಿನ ಕೆಳಗೆ ಇಟ್ಟ. ಮಣಿಪಾಲದ ಡಾಕ್ಟರು ಹೇಳಿದ್ದನ್ನು ಅವನು ಮರೆತಿರಲಿಲ್ಲ, ನಾನು ಹೇಳಿದ್ದನ್ನು ಪೂರ್ತಿ ಮರೆತಿದ್ದ.

ಹಾಡುವ ತಂಡದವರ ಹಾರ್ಮೋನಿಯಂ ನಡುವೆಯೇ ನಿಂತಿತು. ಇಡೀ ಇಗರ್ಜಿ ನನ್ನ ತಮ್ಮನ ಬೆನ್ನನ್ನು ನೋಡಿತು. ಪೌಡರು ಬೆವರಿಗೆ ಕರಗಿ ಉದ್ದುದ್ದ ಗೆರೆಗಳಾಗಿದ್ದವು, ನಡುವೆ ನನ್ನ ಕೈಯ ಎರಡು ಗಂಟು. ಹಿಂದಿನ ಬೆಂಚಿನಲ್ಲಿ ಯಾರೋ ಮಕ್ಕಳು ಕಿಸಕ್ಕೆಂದರು. ನಾನು ತರಗತಿಯ ಸ್ವರದಲ್ಲಿ "ಫ್ಯಾನ್ ಹಾಕಿ ಮಾರಾಯ್ರೆ! ಆ ಲೈಟು ಆರಿಸಿ!" ಎಂದು ಕಿರುಚಿ ಎದ್ದು ಓಡಿದೆ. ಇಗರ್ಜಿಯಲ್ಲಿ ನಾನು ಕಿರುಚಿದ್ದು ಅದೇ ಮೊದಲು. ಫ್ಯಾನು ತಿರುಗಿತು, ಬತ್ತಿಗಳೆಲ್ಲ ಆರಿದವು, ಮುಸುಕು ಹಾರಿತು. ನಾನು ಆ ಮುಸುಕನ್ನೇ ಅವಳಿಗೆ ಹೊದಿಸಿ ಅದರ ಕೆಳಗೆ ಕೈ ಹಾಕಿ ಬೆನ್ನಿನ ಹುಕ್ಕುಗಳನ್ನು ಬಿಚ್ಚಿದೆ. ಗವಸು ಎಳೆದು ತೆಗೆದೆ. ಅಂಗೈ ಒದ್ದೆಯಾಗಿ ತಣ್ಣಗಿತ್ತು.

ಅತ್ತೆ ಯಾರೂ ಕೇಳದೆಯೇ ಎಲ್ಲರಿಗೂ ವಿವರಣೆ ಕೊಡತೊಡಗಿದರು. "ಹೊಟ್ಟೆಗೆ ಎಂತ ತಿಂದಿರಲಿಲ್ಲ, ಅಷ್ಟೇ. ಬೇರೆ ಎಂತ ಇಲ್ಲ. ಅವಳು ಗಟ್ಟಿ ಹುಡುಗಿ."

ನಮ್ಮ ಅಮ್ಮ ನಿಧಾನವಾಗಿ ಎದ್ದು ಅವರ ಪಕ್ಕಕ್ಕೆ ಹೋದರು. "ಹೌದು, ಹೌದು" ಎಂದರು ಮೃದುವಾಗಿ. "ಆದರೂ ಒಂದು ಸ್ಕ್ಯಾನ್ ಮಾಡಿಸುವುದು ಒಳ್ಳೆಯದು, ಅಲ್ವಾ?"

ಅಮ್ಮನ ಎಸಿಯ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇಳಿಯಿತು.

ಹುಡುಗಿ ಕಣ್ಣು ಬಿಟ್ಟಳು. ಯಾರೋ ಸಕ್ಕರೆ ನೀರು ತಂದರು. ಅವನು ಲೋಟ ತೆಗೆದುಕೊಳ್ಳಲು ಆಚೆ ತಿರುಗಿದಾಗ ಅವಳ ಕಣ್ಣಿಗೆ ಆ ಬೆನ್ನು ಬಿತ್ತು. ಸ್ವಲ್ಪ ಹೊತ್ತು ಅರ್ಥವಾಗದೆ ನೋಡಿದಳು. ಆಮೇಲೆ ಮಲಗಿದ್ದಲ್ಲಿಂದಲೇ ನಕ್ಕಳು, ಸಣ್ಣ ನಗೆಯಲ್ಲ, ನೀರು ಮೂಗಿಗೆ ಹತ್ತುವಂಥ ನಗೆ. ಆಗಷ್ಟೇ ತಮ್ಮನಿಗೆ ತಾನು ಹೇಗಿದ್ದೇನೆಂದು ನೆನಪಾಯಿತು. ಕಿವಿಯ ತುದಿಯ ತನಕ ಕೆಂಪಾದ. ಇನ್ನೇನು ಇವನೂ ಬೀಳುತ್ತಾನೆ ಎಂದು ನಾನು ಹೆದರಿದೆ.

ಅವಳನ್ನು ಎಬ್ಬಿಸಿ ಕೂರಿಸಿದೆವು. ಮುಖಕ್ಕೆ ಬಣ್ಣ ಬಂತು. ಮೇಲಿಂದ ಕೆಳಗಿನ ತನಕ ನಿಲುವಂಗಿಯ ಮೇಲೆ ನಿಲುವಂಗಿ ಹಾಕಿ ತಾವೂ ತೊಯ್ದುಹೋಗಿದ್ದ ಫಾದರ್, "ಪ್ರತಿಜ್ಞೆ ಕೂತುಕೊಂಡೇ ಹೇಳಬಹುದಮ್ಮ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, ಎಲ್ಲಿ ನೋಡಬೇಕೆಂದು ತಿಳಿಯದೆ ಮೇಲೆ ಮಾಡಿನ ಕಡೆ ನೋಡುತ್ತ, "ನೀನು ಆ ಕೋಟು ಹಾಕಿಕೊಂಡುಬಿಡು ಮಗ" ಎಂದರು. ಅವನು ಕೋಟಿಗೆ ಕೈ ಚಾಚಿದ. ಅತ್ತೆ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ.

ಹುಡುಗಿ ಅವನ ಮಣಿಕಟ್ಟು ಹಿಡಿದಳು. "ಬೇಡ ಫಾದರ್. ಹೀಗೆಯೇ ಇರಲಿ" ಎಂದಳು. ದನಿ ಇನ್ನೂ ಕ್ಷೀಣವಾಗಿತ್ತು, ಆದರೆ ಮೈಕು ಹತ್ತಿರವೇ ಇದ್ದದ್ದರಿಂದ ಹೊರಗೆ ನಿಂತ ಡ್ರೈವರುಗಳಿಗೂ ಕೇಳಿಸಿತು. "ಅದನ್ನು ಹಾಕಿದರೆ ಇವರೂ ಬೀಳುತ್ತಾರೆ. ಇಬ್ಬರೂ ಬಿದ್ದರೆ ಹಿಡಿಯುವವರು ಯಾರು?"

ಫಾದರ್ ಹಣೆ ಒರೆಸಿಕೊಂಡು ಪುಸ್ತಕ ತೆರೆದರು. ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ ಎಂದು ತಮ್ಮ ಅವಳ ಕೈ ಹಿಡಿದುಕೊಂಡು ಹೇಳಿದ. ಎರಡು ಊರಿನ ಜನ ನೋಡುತ್ತಿದ್ದರು, ವಿಡಿಯೋದವನು ಬಿಡದೆ ತೆಗೆಯುತ್ತಿದ್ದ, ಅವನ ಸ್ವರ ಮಾತ್ರ ಒಮ್ಮೆಯೂ ನಡುಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮನೂ ಅಳುತ್ತಿರಬೇಕೆಂದು ತಿರುಗಿ ನೋಡಿದೆ. ಅವರು ಕಣ್ಣು ಕಿರಿದು ಮಾಡಿ ಮೇಲಿನ ಫ್ಯಾನನ್ನು ನೋಡುತ್ತಿದ್ದರು.

"ಅದನ್ನು ಸ್ವಲ್ಪ ಮೆಲ್ಲ ಮಾಡಲಿಕ್ಕೆ ಹೇಳು" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಬರೀ ಬೆನ್ನಿಗೆ ಗಾಳಿ ಬೀಳುತ್ತಾ ಉಂಟು. ಅವನಿಗೆ ಶೀತ ಆಗುತ್ತದೆ."